‘ಗ್ರೀನ್’ ಬಡಾವಣೆ ನಿಜಕ್ಕೂ ಗ್ರೀನಾ? ನೀವೇ ಪರೀಕ್ಷಿಸಲು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಹೊಸದಾಗಿ ಬರುವ ಅಪಾರ್ಟ್‌ಮೆಂಟ್, ಬಡಾವಣೆಗಳ ಜಾಹೀರಾತು ನೋಡಿದರೆ ಹೆಚ್ಚುಕಮ್ಮಿ ಎಲ್ಲದರಲ್ಲೂ ‘ಗ್ರೀನ್’, ‘ಇಕೋ’, ‘ಸಸ್ಟೈನಬಲ್’ ಅಂತ ಬರೆದಿರುತ್ತದೆ. ಚಿತ್ರದಲ್ಲಿ ಹುಲ್ಲುಹಾಸು, ಸೋಲಾರ್ ಪ್ಯಾನೆಲ್, ಸೈಕಲ್ ಓಡಿಸುವ ಮಕ್ಕಳು. ಇದರಲ್ಲಿ ಎಷ್ಟು ನಿಜ ಅಂತ ತಿಳಿಯುವುದು ಹೇಗೆ? ಅದು ಆರ್ಕಿಟೆಕ್ಟ್‌ಗಳ, ಪ್ಲಾನರ್‌ಗಳ ಕೆಲಸ ಅಂತ ಬಿಟ್ಟುಬಿಡಬೇಕಾಗಿಲ್ಲ. ಸರ್ವೆ ನಂಬರ್, ಒಂದು ಸ್ಮಾರ್ಟ್‌ಫೋನ್, ಅಳತೆ ಟೇಪು, ಕ್ಯಾಲ್ಕುಲೇಟರ್ ಮತ್ತು ನಡೆದಾಡುವ ಮನಸ್ಸಿದ್ದರೆ ಮುಕ್ಕಾಲು ಪಾಲು ಪರೀಕ್ಷೆ ನೀವೇ ಮಾಡಬಹುದು. ಫ್ಲಾಟ್ ಅಥವಾ ಸೈಟು ಕೊಳ್ಳುವವರಿಗೆ, ನಿವಾಸಿಗಳ ಸಂಘದವರಿಗೆ, ಪಕ್ಕದಲ್ಲೇ ದೊಡ್ಡ ಯೋಜನೆ ಬರುತ್ತಿದೆ ಅಂತ ಚಿಂತೆಯಲ್ಲಿರುವವರಿಗೆ ಈ ಬರಹ.

ಮೊದಲೇ ನನ್ನ ಅಳತೆಗೋಲು ಹೇಳಿಬಿಡುತ್ತೇನೆ. ಒಂದು ಯೋಜನೆ ಎಷ್ಟು ಒಳ್ಳೆಯದು ಅನ್ನುವುದು ಅದರ ಕಾಂಪೌಂಡ್ ಗೋಡೆ ದಾಟಿ ಏನೇನು ಹೋಗುತ್ತದೆ, ಏನೇನು ಬರುತ್ತದೆ ಅನ್ನುವುದರಲ್ಲಿ ಗೊತ್ತಾಗುತ್ತದೆ. ಮಳೆ ನೀರು, ಕೊಳಚೆ, ಕಸ, ಕಾರುಗಳು ಹೊರಗೆ ಹೋಗುತ್ತವೆ. ಕುಡಿಯುವ ನೀರು, ಕರೆಂಟು, ಕೆಲಸದವರು ಒಳಗೆ ಬರುತ್ತಾರೆ. ಈ ಲೆಕ್ಕ ಸರಿಯಿದ್ದರೆ ಗಾರ್ಡನ್ ಚಿಕ್ಕದಾದರೂ ಚಿಂತೆಯಿಲ್ಲ. ಲೆಕ್ಕ ತಪ್ಪಿದ್ದರೆ ಎಷ್ಟು ಗಿಡ ನೆಟ್ಟರೂ ಪ್ರಯೋಜನವಿಲ್ಲ.

ಹಂತ 1: ಕಟ್ಟಡ ಆಮೇಲೆ, ಮೊದಲು ಜಾಗ

ತಪ್ಪು ಜಾಗದಲ್ಲಿ ಕಟ್ಟಿದ್ದನ್ನು ಆಮೇಲೆ ಯಾವ ತಂತ್ರಜ್ಞಾನವೂ ಸರಿಮಾಡುವುದಿಲ್ಲ. ಅದಕ್ಕೇ ಈ ಹಂತಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ಬೆಂಗಳೂರು ದೊಡ್ಡ ನದಿಯ ದಡದಲ್ಲಿರುವ ಊರಲ್ಲ. ಎತ್ತರದ ದಿಣ್ಣೆಯ ಮೇಲಿದೆ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಅನ್ನುವ ಮೂರು ಮುಖ್ಯ ಕಣಿವೆಗಳ ಕಡೆಗೆ ಹರಿಯುತ್ತದೆ. ಹಿಂದಿನವರು ಈ ಕಣಿವೆಗಳ ಉದ್ದಕ್ಕೂ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತಿತ್ತು. ಆ ಸರಪಳಿಯ ಎಷ್ಟೋ ಕೊಂಡಿಗಳು ಈಗಿಲ್ಲ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಆದರೆ ಮಳೆ ಬಂದಾಗ ನೀರು ಹಳೇ ದಾರಿಯನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದೇ ರಾತ್ರಿ 130 ಮಿ.ಮೀ.ಗೂ ಜಾಸ್ತಿ ಮಳೆ ಸುರಿದಾಗ ಬೆಳ್ಳಂದೂರು, ಸರ್ಜಾಪುರ ರಸ್ತೆ, ಮಹದೇವಪುರದ ಕಡೆ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ಕೋಟಿಗಟ್ಟಲೆ ಬೆಲೆಯ ಮನೆಗಳೂ ಅದರಲ್ಲಿದ್ದವು.

ಏನು ಮಾಡಬೇಕು? ಯೋಜನೆಯ ಸರ್ವೆ ನಂಬರ್ ಮತ್ತು ಊರಿನ ಹೆಸರು ತೆಗೆದುಕೊಳ್ಳಿ. ಫೋನಿನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಳ್ಳಿ. ಇದು ರಾಜ್ಯ ಸರ್ಕಾರದ್ದು, ಉಚಿತ. ಹಳೇ ಗ್ರಾಮ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ ತೋರಿಸುತ್ತದೆ. ಸೈಟಿನಲ್ಲೇ ನಿಂತು ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಪಕ್ಕದಲ್ಲಿ ಹಳ್ಳ, ರಾಜಕಾಲುವೆ (ಮಳೆ ನೀರು ಹರಿಯುವ ದೊಡ್ಡ ಕಾಲುವೆ), ಕೆರೆ ಎಲ್ಲಿದೆ ಅಂತ ಕಾಣುತ್ತದೆ. ನಕ್ಷೆಯಲ್ಲಿ ಹಳ್ಳದ ಗೆರೆ ಇದ್ದು, ಕಣ್ಣೆದುರು ಬರೀ ಸಮತಟ್ಟಾದ ಮಣ್ಣು ಅಥವಾ ರಸ್ತೆ ಕಂಡರೆ, ಅದನ್ನು ಮುಚ್ಚಿದ್ದಾರೆ ಅಂತ ಅನುಮಾನಿಸಿ. ಗಡಿಯ ನಿಖರ ಅಳತೆಗೆ ಮಾತ್ರ ಆ್ಯಪ್ ಸಾಲದು, ಸರ್ಕಾರಿ ಭೂಮಾಪಕರ ಅಳತೆಯೇ ಬೇಕು.

ಆಮೇಲೆ ಪಹಣಿ ನೋಡಿ. ಇಲ್ಲಿ ಬಹಳ ಜನ ಮಾಲೀಕರ ಹೆಸರು ನೋಡಿ ಮುಚ್ಚಿಡುತ್ತಾರೆ. ನೀವು ಎರಡು ವಿಷಯ ಜಾಸ್ತಿ ಗಮನಿಸಿ. ಒಂದು, ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ. ‘ಬಿ’ ಖರಾಬು ಅಂತ ಇದ್ದರೆ ಅದು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ. ಅದು ಲೇಔಟ್ ಪ್ಲಾನಿನಲ್ಲಿ ಎಲ್ಲಿ ಹೋಯಿತು ಅಂತ ಕೇಳಿ. ಎರಡು, ಜಮೀನು ಖುಷ್ಕಿಯೋ (ಮಳೆ ನಂಬಿದ ಹೊಲ), ತರಿಯೋ (ನೀರಾವರಿ ಗದ್ದೆ), ಬಾಗಾಯ್ತೋ (ತೋಟ) ಅನ್ನುವುದು. ಹಳೇ ದಾಖಲೆಯಲ್ಲಿ ತರಿ ಅಂತಿದ್ದರೆ ಅದು ಬಹುಮಟ್ಟಿಗೆ ಕೆರೆಯ ಕೆಳಗಿನ ಅಚ್ಚುಕಟ್ಟಿನ ಗದ್ದೆ. ನೀರು ಬಂದು ನಿಲ್ಲಲಿ ಅಂತಲೇ ತಗ್ಗಿನಲ್ಲಿ ಮಾಡಿಕೊಂಡ ಭೂಮಿ ಅದು. ಅಲ್ಲಿ ಎರಡು ಅಂತಸ್ತಿನ ಬೇಸ್‌ಮೆಂಟ್ ತೋಡಿದರೆ ವರ್ಷಪೂರ್ತಿ ಪಂಪು ಓಡಿಸಬೇಕಾಗಬಹುದು.

ಕೆರೆ, ರಾಜಕಾಲುವೆಗಳಿಂದ ಎಷ್ಟು ದೂರ ಬಿಡಬೇಕು ಅನ್ನುವ ನಿಯಮ ಕೆಲವು ಸಲ ಬದಲಾಗಿದೆ. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾ ಯೋಜನೆ (ನಗರದ ಮಾಸ್ಟರ್ ಪ್ಲಾನ್) 2015ರ ಪ್ರಕಾರ ಕೆರೆಗೆ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನೀವು ವಿಚಾರಿಸುವ ದಿನ ಯಾವ ನಿಯಮ ಜಾರಿಯಲ್ಲಿದೆ, ನಿಮ್ಮ ಯೋಜನೆಗೆ ಮಂಜೂರಾತಿ ಸಿಕ್ಕಿದ ದಿನ ಯಾವುದಿತ್ತು, ಎರಡನ್ನೂ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಕಾನೂನು ಹೇಳಿದಷ್ಟು ಅಂತರ ಬಿಟ್ಟಿದ್ದಾರೆ ಅನ್ನುವುದು ಪಾಸ್ ಮಾರ್ಕು ಮಾತ್ರ. ಕಾಲುವೆಯ ಪಕ್ಕದ ಜಾಗ ಕಾಲುವೆಗಿಂತ ಎಷ್ಟು ಎತ್ತರದಲ್ಲಿದೆ, ಮುಂದೆ ಅದೇ ಕಾಲುವೆ ಎಲ್ಲಿ ಕಿರಿದಾಗುತ್ತದೆ ಅಂತ ಕಣ್ಣಾರೆ ನೋಡಲೇಬೇಕು. ಮೇಲೆ 6 ಮೀಟರ್ ಅಗಲ ಇದ್ದ ಕಾಲುವೆ ಕೆಳಗೆ ಒಂದು ಸಣ್ಣ ಮೋರಿಯೊಳಗೆ ನುಗ್ಗುವಂತಿದ್ದರೆ ಪ್ರವಾಹ ಅಲ್ಲಿಂದಲೇ ಶುರು.

ಇನ್ನೊಂದು ಕೆಲಸ ದುಡ್ಡಿಲ್ಲದೆ ಆಗುವಂಥದ್ದು. ಅಕ್ಕಪಕ್ಕದ ಹಳೇ ಊರಿನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಹಿರಿಯರನ್ನು ಕೇಳಿ: ‘ಅಜ್ಜಾರೇ, ಮೊದಲು ಜೋರು ಮಳೆ ಬಂದ್ರೆ ಇಲ್ಲಿ ನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗ್ತಿತ್ತು?’ ಗದ್ದೆ ಮಾಡಿದವರಿಗೆ ಆ ಇಳಿಜಾರು ಅಂಗೈಯಷ್ಟು ಪರಿಚಯ. ಅವರ ಮಾತನ್ನು ನಕ್ಷೆಯ ಜೊತೆ ಹೋಲಿಸಿ ನೋಡಿ.

ಹಂತ 2: ಕಾಗದ ತರಿಸಿ ಓದಿ

ದೊಡ್ಡ ಯೋಜನೆಗಳ ಬಗ್ಗೆ ಮಾಹಿತಿ ಸಿಗುವುದಿಲ್ಲ ಅಂತ ಸುಮ್ನೆ ಕೂರಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಕಟ್ಟುವ ಯೋಜನೆಗೆ ಪರಿಸರ ಅನುಮತಿ ಬೇಕು. ಅರ್ಜಿ, ನಕ್ಷೆ, ಅನುಮತಿ ಪತ್ರ ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತವೆ. ಷರತ್ತುಗಳನ್ನು ಪಾಲಿಸಿದ್ದೇವೆ ಅಂತ ಆರು ತಿಂಗಳಿಗೊಮ್ಮೆ ವರದಿಯನ್ನೂ ಕೊಡಬೇಕು. ಮಂಜೂರಾದ ಪ್ಲಾನು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಇರುತ್ತದೆ.

ಈ ಕಾಗದಗಳಲ್ಲಿ ಮೊದಲು ಓದಬೇಕಾದದ್ದು ನೀರಿನ ಲೆಕ್ಕದ ಪಟ್ಟಿ. ಎಷ್ಟು ಜನ, ತಲೆಗೆ ಎಷ್ಟು ಲೀಟರ್, ನೀರು ಎಲ್ಲಿಂದ, ಕೊಳಚೆ ಎಷ್ಟು, ಶುದ್ಧ ಮಾಡಿದ್ದು ಎಲ್ಲಿಗೆ ಅಂತ ಅದರಲ್ಲಿ ಬರೆದಿರಬೇಕು. ಎರಡನೆಯದು ಜಾಗದ ಹಂಚಿಕೆ: ಕಟ್ಟಡಕ್ಕೆ, ರಸ್ತೆಗೆ, ಗಿಡಮರಕ್ಕೆ ಎಷ್ಟೆಷ್ಟು. ಈಗ ಬ್ರೋಷರ್ ಪಕ್ಕದಲ್ಲಿಡಿ. ಬ್ರೋಷರಿನಲ್ಲಿ ‘ಶೇ. 80 ಓಪನ್ ಸ್ಪೇಸ್’ ಅಂತಿದ್ದು, ಅರ್ಜಿಯಲ್ಲಿ ಗಿಡಮರದ ಜಾಗ ಅದರ ಕಾಲು ಭಾಗವೂ ಇಲ್ಲದಿದ್ದರೆ ಉಳಿದದ್ದು ರಸ್ತೆ, ಪಾರ್ಕಿಂಗ್, ಈಜುಕೊಳ ಅಂತ ಅರ್ಥ.

ಸೈಟುಗಳ ಬಡಾವಣೆಯಾದರೆ ಪಾರ್ಕು ಮತ್ತು ಸಿಎ ಸೈಟು (ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ನೋಡಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ತಾನೇ ಮಾಡುವ ಬಡಾವಣೆಗಳಲ್ಲಿ ಶೇ. 15ರಷ್ಟು ಜಾಗ ಪಾರ್ಕು-ಆಟದ ಮೈದಾನಕ್ಕೆ, ಶೇ. 10ರಷ್ಟು ನಾಗರಿಕ ಸೌಲಭ್ಯಕ್ಕೆ ಬಿಡಬೇಕು ಅಂತ 1976ರ ಬಿಡಿಎ ಕಾಯ್ದೆಯಲ್ಲೇ ಇದೆ. ಖಾಸಗಿ ಬಡಾವಣೆಗೆ ಬೇರೆ ಪ್ರಮಾಣ. ಶೇಕಡಾ ಲೆಕ್ಕ ಸರಿಯಿದ್ದರೂ ಪಾರ್ಕು ಎಲ್ಲಿ ಕೊಟ್ಟಿದ್ದಾರೆ ಅನ್ನುವುದನ್ನು ಮರೆಯಬೇಡಿ. ಹೈಟೆನ್ಷನ್ ತಂತಿಯ ಕೆಳಗೆ, ಕಾಲುವೆಯ ಅಂಚಿನಲ್ಲಿ ಉದ್ದಕ್ಕೆ ಪಟ್ಟಿಯ ಹಾಗೆ, ಸೈಟು ಬಾರದ ತ್ರಿಕೋನ ಮೂಲೆಯಲ್ಲಿ ಕೊಟ್ಟಿದ್ದರೆ ಅಲ್ಲಿ ಮಕ್ಕಳು ಆಡುವುದು ಹೇಗೆ?

ಹಂತ 3: ನೀರಿನ ಲೆಕ್ಕ ನೀವೇ ಹಾಕಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. 2 ಎಕರೆಯಲ್ಲಿ 200 ಫ್ಲಾಟು, ಫ್ಲಾಟಿಗೆ 4 ಜನ, ಒಟ್ಟು 800 ಜನ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 135 ಲೀಟರ್, ಅದರಲ್ಲಿ 45 ಲೀಟರ್ ಟಾಯ್ಲೆಟ್ ಫ್ಲಷ್‌ಗೆ. ಅಂದರೆ ದಿನಕ್ಕೆ 1,08,000 ಲೀಟರ್ ನೀರು ಬೇಕು. 6,000 ಲೀಟರ್ ಹಿಡಿಯುವ ಟ್ಯಾಂಕರಿನಲ್ಲಿ ತರಿಸಿದರೆ ದಿನಾ 18 ಟ್ಯಾಂಕರ್! ಈಗ ಕೇಳಿ: ಕಾವೇರಿ ಸಂಪರ್ಕ ಇದೆಯಾ, ಬರುತ್ತೆ ಅಂತ ಬಾಯಿಮಾತಾ? ಬೋರ್‌ವೆಲ್ ಎಷ್ಟು ಅಡಿ, ಬೇಸಿಗೆಯಲ್ಲಿ ಎಷ್ಟು ಹೊತ್ತು ನೀರು ಕೊಡುತ್ತದೆ? 2024ರ ಬೇಸಿಗೆಯಲ್ಲಿ ನಗರದ ಅಂಚಿನ ಬಡಾವಣೆಗಳಲ್ಲಿ ಬೋರ್‌ವೆಲ್‌ಗಳು ಸಾಲುಸಾಲಾಗಿ ಒಣಗಿದ್ದನ್ನು ನೋಡಿದ್ದೇವೆ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಅದು. ಆದರೆ ಈ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಹತ್ತಿ ಬರುತ್ತದೆ. ಆ ಪಂಪಿಂಗ್‌ಗೆ ಸುರಿಯುವ ಕರೆಂಟು ಯಾವ ಅಪಾರ್ಟ್‌ಮೆಂಟಿನ ‘ಗ್ರೀನ್’ ಲೆಕ್ಕದಲ್ಲೂ ಕಾಣುವುದಿಲ್ಲ. ಹಾಗಾಗಿ ಒಂದು ಲೀಟರ್ ಉಳಿಸಿದರೆ ಕರೆಂಟೂ ಉಳಿಯುತ್ತದೆ.

ಮಳೆ ನೀರಿಗೆ ಬರೋಣ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ನಮ್ಮ ಅಪಾರ್ಟ್‌ಮೆಂಟಿನ ಚಾವಣಿ 4,000 ಚದರ ಮೀಟರ್ ಅಂತಿಟ್ಟುಕೊಂಡು, ಶೇ. 80 ಕೈಗೆ ಸಿಕ್ಕಿತು ಅಂದರೆ ವರ್ಷಕ್ಕೆ ಸುಮಾರು 31 ಲಕ್ಷ ಲೀಟರ್. ಕೇಳಲು ದೊಡ್ಡದು. ಆದರೆ 1,08,000ದಿಂದ ಭಾಗಿಸಿ ನೋಡಿ, 29 ದಿನಕ್ಕೂ ಸಾಲುವುದಿಲ್ಲ. ಅದೇ 30x40 ಸೈಟಿನ ಒಂದು ಮನೆ, 93 ಚದರ ಮೀಟರ್ ಚಾವಣಿ, 4 ಜನ ಅಂದರೆ ನಾಲ್ಕು ತಿಂಗಳಿಗೂ ಜಾಸ್ತಿ ದಿನದ ನೀರು ಸಿಗುತ್ತದೆ. ಹಾಗಂತ ಅಪಾರ್ಟ್‌ಮೆಂಟ್ ಕೆಟ್ಟದ್ದು ಅಂತಲ್ಲ. ಕಡಿಮೆ ಜಾಗದಲ್ಲಿ ಜಾಸ್ತಿ ಜನ ಇದ್ದರೆ ಕೃಷಿ ಭೂಮಿ ಉಳಿಯುತ್ತದೆ, ಬಸ್ಸು ಓಡಿಸಲೂ ಗಿಟ್ಟುತ್ತದೆ. ಆದರೆ ‘ನಮ್ಮಲ್ಲಿ ಮಳೆಕೊಯ್ಲು ಇದೆ, ನೀರಿನ ಚಿಂತೆಯಿಲ್ಲ’ ಅಂತ ಸೇಲ್ಸ್‌ನವರು ಹೇಳಿದರೆ ಈ ಲೆಕ್ಕ ಮುಂದಿಡಿ. ಎತ್ತರದ ಕಟ್ಟಡಗಳಲ್ಲಿ ನೀರಿನ ಪ್ರಶ್ನೆಗೆ ಮುಖ್ಯ ಉತ್ತರ ಬಳಸಿದ ನೀರನ್ನು ಮತ್ತೆ ಬಳಸುವುದು.

ಅದರ ಲೆಕ್ಕವೂ ಸುಲಭ. ಬಳಸಿದ ನೀರಿನಲ್ಲಿ ಶೇ. 80 ಕೊಳಚೆಯಾಗಿ ಬರುತ್ತದೆ ಅಂದರೆ 86,400 ಲೀಟರ್. ಶುದ್ಧ ಮಾಡಿ ಫ್ಲಷ್‌ಗೆ 36,000 ಲೀಟರ್, ಗಿಡಗಳಿಗೆ ಒಂದು 15,000 ಲೀಟರ್ ಬಳಸಿದರೂ ದಿನಕ್ಕೆ 35,000 ಲೀಟರಿಗೂ ಜಾಸ್ತಿ ಉಳಿಯುತ್ತದೆ. ಮಳೆಗಾಲದಲ್ಲಿ ಗಿಡಕ್ಕೆ ಬೇಡ, ಇನ್ನೂ ಜಾಸ್ತಿ ಉಳಿಯುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ಒಳಚರಂಡಿ ಸಂಪರ್ಕ ಇಲ್ಲದ ಕಡೆ ಪಕ್ಕದ ಕಾಲುವೆಗೆ, ಅಲ್ಲಿಂದ ಕೆರೆಗೆ. ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಇದೆ ಅನ್ನುವುದು ಒಂದು, ಅದು ಓಡುತ್ತಿದೆ ಅನ್ನುವುದು ಇನ್ನೊಂದು. ಜನ ವಾಸ ಶುರುವಾದ ಕಟ್ಟಡವಾದರೆ ಇಳಿದು ನೋಡಿ. ಗಾಳಿ ಊದುವ ಬ್ಲೋವರ್ ಸದ್ದು ಕೇಳಬೇಕು, ತೊಟ್ಟಿಯಲ್ಲಿ ನೀರು ಕುದಿಯುವಂತೆ ಗುಳ್ಳೆ ಏಳುತ್ತಿರಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ. ಕೊನೆಯ ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಹಿಡಿಯಿರಿ. ತಿಳಿಯಾಗಿರಬೇಕು, ಕೆಳಗೆ ಮಡ್ಡಿ ಕೂರಬಾರದು. ಎಸ್‌ಟಿಪಿಗೆ ಪ್ರತ್ಯೇಕ ಮೀಟರ್ ಇದ್ದರೆ ತಿಂಗಳ ಕರೆಂಟ್ ಬಿಲ್ ಕೇಳಿ. ಬಿಲ್ಲು ತೀರಾ ಕಡಿಮೆ ಬಂದಿದ್ದರೆ ಬ್ಲೋವರ್ ಆಫ್ ಮಾಡಿಟ್ಟಿರುವ ಸಾಧ್ಯತೆ ಜಾಸ್ತಿ. ಶುದ್ಧ ನೀರಿಗೆ ಒಂದು, ಫ್ಲಷ್‌ಗೆ ಒಂದು ಅಂತ ಎರಡು ಬೇರೆ ಪೈಪ್‌ಲೈನ್ ಹಾಕಿದ್ದಾರಾ ಅನ್ನುವುದನ್ನು ಕಟ್ಟುವಾಗಲೇ ನೋಡಬೇಕು. ಆಮೇಲೆ ಗೋಡೆ ಒಡೆದು ಹಾಕುವವರು ಯಾರೂ ಇಲ್ಲ.

ಊರಿನ ಮಟ್ಟದಲ್ಲಿ ಇದು ಹೇಗೆ ಆಗಬಹುದು ಅಂತ ನೋಡಬೇಕಾದರೆ ಜಕ್ಕೂರು ಕೆರೆಗೆ ಹೋಗಿ. ಜಲಮಂಡಳಿಯ ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ತೇವಭೂಮಿಯಲ್ಲಿ ನಿಧಾನವಾಗಿ ಹರಿದು ಕೆರೆ ಸೇರುತ್ತದೆ.

ಹಂತ 4: ಜೋರು ಮಳೆಯ ಒಂದು ಗಂಟೆ

ವರ್ಷದ ಲೆಕ್ಕ ಒಂದು ಕಡೆ. ಊರು ಮುಳುಗುವುದು ಒಂದೊಂದು ಗಂಟೆಯ ಮಳೆಗೆ. ಅದೇ 2 ಎಕರೆ, ಅಂದರೆ ಸುಮಾರು 8,000 ಚದರ ಮೀಟರ್ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಂದರೆ 4 ಲಕ್ಷ ಲೀಟರ್. ಅದು ಹೊಲವಾಗಿದ್ದಾಗ ಶೇ. 30 ಹರಿದುಹೋಗಿ ಉಳಿದದ್ದು ಇಂಗುತ್ತಿತ್ತು ಅಂತಿಟ್ಟುಕೊಳ್ಳಿ, 1.2 ಲಕ್ಷ ಲೀಟರ್ ಹೊರಗೆ. ಕಾಂಕ್ರೀಟ್ ಹಾಕಿದ ಮೇಲೆ ಶೇ. 80 ಹರಿದರೆ 3.2 ಲಕ್ಷ. ಒಂದೇ ಗಂಟೆಯಲ್ಲಿ 2 ಲಕ್ಷ ಲೀಟರ್ ಹೆಚ್ಚುವರಿ ನೀರು ಕೆಳಗಿನ ಬಡಾವಣೆಯವರ ಮನೆಗೆ ಹೊರಟಿತು. ಒಳ್ಳೆಯ ವಿನ್ಯಾಸ ಈ 2 ಲಕ್ಷವನ್ನು ತನ್ನ ಜಾಗದಲ್ಲೇ ಹಿಡಿದು ನಿಲ್ಲಿಸಬೇಕು.

ಹೇಗೆ ಹಿಡಿಯುತ್ತಾರೆ ಅಂತ ಕೇಳಿ. ‘ನಾಲ್ಕು ಇಂಗು ಬಾವಿ ಇದೆ’ ಅಂತ ಉತ್ತರ ಬರಬಹುದು. 3 ಅಡಿ ಅಗಲ, 20 ಅಡಿ ಆಳದ ಬಾವಿಯಲ್ಲಿ ಹಿಡಿಯುವುದು ಸುಮಾರು 4,000 ಲೀಟರ್. ಆ ಗಂಟೆಯಲ್ಲೇ ಒಂದಿಷ್ಟು ಇಂಗಿತು ಅಂದರೂ ನಾಲ್ಕು ಬಾವಿ ಏತಕ್ಕೂ ಸಾಲದು. ಬಾವಿ ಜಾಸ್ತಿ ಬೇಕು, ಜೊತೆಗೆ ದೊಡ್ಡ ತೊಟ್ಟಿ, ತಗ್ಗಿನ ತೋಟ, ಹೊಂಡ ಬೇಕು.

ಇಂಗು ಬಾವಿಯ ಮುಚ್ಚಳ ತೆಗೆಸಿ. ಚಾವಣಿಯಿಂದ ಬರುವ ಪೈಪು ನಿಜವಾಗಿ ಬಾವಿಗೆ ಸೇರಿದೆಯಾ, ಪಕ್ಕದ ಚರಂಡಿಗೆ ತಿರುಗಿಸಿದ್ದಾರಾ? ಮೊದಲು ಬರುವ ನೀರಿನ ಕೊಳೆ, ಎಲೆ ಹಿಡಿಯುವ ಫಿಲ್ಟರ್ ತೊಟ್ಟಿ ಇದೆಯಾ? ಪೈಪಿನ ಬಾಯಲ್ಲಿ ಜೇಡರ ಬಲೆ ಗಟ್ಟಿಯಾಗಿದ್ದರೆ ಈಚೆಗೆ ಅದರಲ್ಲಿ ನೀರು ಬಂದಿಲ್ಲ. ತಳದಲ್ಲಿ ಕಪ್ಪು ಹೂಳು ತುಂಬಿದ್ದರೆ ನೀರು ಇಂಗುವುದಿಲ್ಲ, ಸೊಳ್ಳೆ ಸಾಕುತ್ತದೆ ಅಷ್ಟೆ. ಬಾವಿ ತೋಡುವ ಕೆಲಸದಲ್ಲಿ ತಲೆಮಾರುಗಳಿಂದ ಪಳಗಿದ ಮಣ್ಣು ವಡ್ಡರು ಬೆಂಗಳೂರು ಸುತ್ತಮುತ್ತ ಇನ್ನೂ ಇದ್ದಾರೆ. ಎಲ್ಲಿ ತೋಡಿದರೆ ನೀರು ಹಿಡಿಯುತ್ತದೆ ಅಂತ ಅವರನ್ನು ಕೇಳಿದರೆ ಸಿಗುವ ತಿಳಿವಳಿಕೆ ಎಷ್ಟೋ ವರದಿಗಳಲ್ಲಿ ಸಿಗುವುದಿಲ್ಲ.

ಇನ್ನು ಬೇಸ್‌ಮೆಂಟ್. ಪ್ಲಾನಿನಲ್ಲಿ ಕಟ್ಟಡದ ಗೆರೆ ನೋಡುವ ಬದಲು ಬೇಸ್‌ಮೆಂಟಿನ ಗೆರೆ ಎಲ್ಲಿಯವರೆಗೆ ಹೋಗಿದೆ ನೋಡಿ. ಕಾಂಪೌಂಡಿನವರೆಗೂ ಬೇಸ್‌ಮೆಂಟ್ ತೋಡಿ, ಮೇಲೆ ಸ್ಲ್ಯಾಬ್ ಹಾಕಿ, ಅದರ ಮೇಲೆ ಎರಡು ಅಡಿ ಮಣ್ಣು ಸುರಿದು ಹುಲ್ಲು ಬೆಳೆಸಿದ್ದರೆ ಅದು ನೋಡಲಿಕ್ಕೆ ತೋಟ. ಅಲ್ಲಿ ನೀರು ಇಂಗುವುದಿಲ್ಲ, ಹೊಂಗೆ, ಬೇವು, ಮಾವಿನಂಥ ಮರ ಬೇರು ಬಿಡುವುದಿಲ್ಲ. ಕೆಳಗೆ ಸ್ಲ್ಯಾಬ್ ಇಲ್ಲದ ನಿಜವಾದ ನೆಲ ಎಷ್ಟು ಉಳಿದಿದೆ ಅನ್ನುವ ಒಂದೇ ಅಂಕಿ ಬರೆದುಕೊಳ್ಳಿ. ಈ ಮಾರ್ಗದರ್ಶಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಅಂಕಿಗಳಲ್ಲಿ ಇದೂ ಒಂದು.

ಹಂತ 5: ನಡೆದು ನೋಡಿ

ಗೇಟಿನಿಂದ ಹೊರಗೆ ಬನ್ನಿ. ಹತ್ತಿರದ ಬಸ್ ಸ್ಟಾಪಿಗೆ, ದಿನಸಿ ಅಂಗಡಿಗೆ, ಶಾಲೆಗೆ ನಡೆಯಿರಿ. ಬೆಳಗ್ಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಫುಟ್‌ಪಾತ್‌ನಲ್ಲಿ ಅಡೆತಡೆ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ ಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಟೇಪು ಹಿಡಿದು ಅಳೆಯಿರಿ. ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು, ಕಿತ್ತ ಕಲ್ಲುಚಪ್ಪಡಿ ಎಲ್ಲ ಬಿಟ್ಟು ನಡೆಯಲು ಉಳಿದದ್ದು ಎಷ್ಟು ಅನ್ನುವುದು ಲೆಕ್ಕ. ರಸ್ತೆ ದಾಟಲು ಎಷ್ಟು ಹೊತ್ತು ಕಾಯಬೇಕಾಯಿತು? ಬಸ್ಸು ಎಷ್ಟು ನಿಮಿಷಕ್ಕೊಂದು? ಸ್ಟಾಪಿನಲ್ಲಿ ನಿಂತವರನ್ನೇ ಕೇಳಿ, ಸರಿಯಾದ ಉತ್ತರ ಸಿಗುತ್ತದೆ. ‘ಮೆಟ್ರೋ 2 ಕಿ.ಮೀ.’ ಅಂತ ಜಾಹೀರಾತಿನಲ್ಲಿದ್ದರೆ ಆ 2 ಕಿ.ಮೀ. ನಡೆದೇ ಹೋಗಿ. ಗೂಗಲ್ ಮ್ಯಾಪಿನಲ್ಲಿ ಹತ್ತಿರ ಕಂಡ ನಿಲ್ದಾಣಕ್ಕೆ ಹೋಗಲು ದೊಡ್ಡದೊಂದು ಕಾಂಪೌಂಡ್ ಸುತ್ತಬೇಕಾಗಿ ಬರುವುದುಂಟು.

ಈ ಕಾಂಪೌಂಡಿನ ವಿಷಯ ನನಗೆ ಬಹಳ ಮುಖ್ಯ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳನ್ನು ನೋಡಿ. ಚಿಕ್ಕ ಚಿಕ್ಕ ಅಡ್ಡರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್ (ಕಸ, ಮಲ ಸಾಗಿಸಲು ಬಿಟ್ಟ ಓಣಿ), ನಡೆಯುವ ದೂರದಲ್ಲಿ ಮಾರುಕಟ್ಟೆ, ಶಾಲೆ, ದೇವಸ್ಥಾನ. ಯಾವ ಕಡೆಯಿಂದ ಯಾವ ಕಡೆಗಾದರೂ ನಡೆದು ಹೋಗಬಹುದು. ಈಗಿನ ನೂರು ಎಕರೆ ಟೌನ್‌ಶಿಪ್ಪಿಗೆ ಎರಡು ಗೇಟು. ಒಳಗೆ ವಾಕಿಂಗ್ ಟ್ರ್ಯಾಕ್ ಇರುತ್ತದೆ, ಹಾಲು ತರಲು ಕಾರು ಬೇಕಾಗುತ್ತದೆ. ಪಕ್ಕದ ಊರಿನ ಮಕ್ಕಳು ಶಾಲೆಗೆ ಸುತ್ತಿಕೊಂಡು ಹೋಗಬೇಕಾಗುತ್ತದೆ. ಗ್ರಾಮ ನಕ್ಷೆಯಲ್ಲಿದ್ದ ಬಂಡಿದಾರಿ, ಕಾಲುದಾರಿಗಳನ್ನು ತೆರೆದಿಟ್ಟಿದ್ದಾರಾ ಅಂತ ಮೊದಲ ಹಂತದಲ್ಲೇ ನೋಡಿದ್ದರೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ಪಾಯಿಂಟ್ ಇದೆ ಅನ್ನುವುದಕ್ಕೆ ಜಾಸ್ತಿ ಅಂಕ ಕೊಡಬೇಡಿ. ಅದೂ ಕಾರೇ, ರಸ್ತೆಯಲ್ಲಿ ಅಷ್ಟೇ ಜಾಗ ತಿನ್ನುತ್ತದೆ.

ಹಂತ 6: ಬಿಸಿಲು, ಗಾಳಿ, ಕರೆಂಟು

ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಪಾಲು ಎಸಿ ಇಲ್ಲದೆ ಬದುಕಬಹುದು. ಹಾಗೆ ಬದುಕಲು ಬಿಡದ ವಿನ್ಯಾಸ ಕೆಟ್ಟ ವಿನ್ಯಾಸ. ಪಡುವಣಕ್ಕೆ ದೊಡ್ಡ ಗಾಜು ಇದ್ದು ಮೇಲೆ ಸಜ್ಜೆ ಇಲ್ಲದಿದ್ದರೆ ಏಪ್ರಿಲ್ ಸಂಜೆ ಆ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಎದುರುಬದುರು ಕಿಟಕಿ ಇದೆಯಾ, ಹಗಲು ಲೈಟ್ ಹಾಕದೆ ಅಡುಗೆ ಮಾಡಬಹುದಾ, ಕಾರಿಡಾರಿನಲ್ಲಿ ಹಗಲೂ ಟ್ಯೂಬ್‌ಲೈಟ್ ಉರಿಯುತ್ತಿದೆಯಾ ನೋಡಿ. ಸೋಲಾರ್ ಪ್ಯಾನೆಲ್ ಇದ್ದರೆ ಎಷ್ಟು ಕಿಲೋವ್ಯಾಟ್, ಅದರಿಂದ ಲಿಫ್ಟು-ಪಂಪು-ಲೈಟುಗಳ ಬಿಲ್ಲಿನಲ್ಲಿ ಎಷ್ಟು ಇಳಿಯುತ್ತದೆ ಅಂತ ಅಂಕಿಯಲ್ಲಿ ಕೇಳಿ.

ಕಟ್ಟುವ ಸಾಮಗ್ರಿಯ ಬಗ್ಗೆ ಒಂದು ಮಾತು. ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ತಂಡ ಸುಡದ ಮಣ್ಣಿನ ಬ್ಲಾಕ್‌ಗಳ ಮೇಲೆ ಬಹಳ ಕೆಲಸ ಮಾಡಿದೆ. ನಮ್ಮ ಊರಿನಲ್ಲೇ ಹುಟ್ಟಿದ ಈ ತಿಳಿವಳಿಕೆ ದೊಡ್ಡ ಯೋಜನೆಗಳಲ್ಲಿ ಇಷ್ಟು ಕಡಿಮೆ ಕಾಣುವುದು ನನಗೆ ಬೇಸರದ ಸಂಗತಿ. ಕನಿಷ್ಠ ಪಕ್ಷ, ಜಾಗದಲ್ಲಿ ಮೊದಲೇ ಇದ್ದ ಗಟ್ಟಿ ಕಟ್ಟಡವನ್ನು ಯಾಕೆ ಕೆಡವಿದಿರಿ ಅಂತ ಕೇಳಿ.

ಹಂತ 7: ಕಸ

ಕಸವನ್ನು ಹಸಿ, ಒಣ, ಸ್ಯಾನಿಟರಿ ಅಂತ ಮೂರಾಗಿ ಬೇರೆ ಮಾಡಬೇಕು ಅಂತ ಹೈಕೋರ್ಟ್ 2015ರಲ್ಲೇ ಹೇಳಿತ್ತು. ಹಸಿ ಕಸ ಜಾಗದಲ್ಲೇ ಗೊಬ್ಬರ ಆಗುತ್ತದಾ, ಅದಕ್ಕೆ ಗಾಳಿ-ಬೆಳಕಿರುವ ಜಾಗ ಪ್ಲಾನಿನಲ್ಲೇ ಇದೆಯಾ ಅನ್ನುವುದಷ್ಟೇ ಪ್ರಶ್ನೆ. ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಯಂತ್ರ ಇಟ್ಟು ಬೀಗ ಹಾಕಿದ್ದರೆ ಅಂಕ ಇಲ್ಲ. ನಗರದ ಕಸದ ಭಾರ ಮಂಡೂರು, ಮಾವಳ್ಳಿಪುರದ ಜನ ಎಷ್ಟೋ ವರ್ಷ ಹೊತ್ತರು.

ಹಂತ 8: ಇಲ್ಲಿ ದುಡಿಯುವವರು ಎಲ್ಲಿರುತ್ತಾರೆ?

ಈ ಪ್ರಶ್ನೆ ಯಾವ ಬ್ರೋಷರಿನಲ್ಲೂ ಇರುವುದಿಲ್ಲ. 200 ಮನೆಗೆ ಅಡುಗೆಯವರು, ಮನೆಗೆಲಸದವರು, ಸೆಕ್ಯುರಿಟಿಯವರು, ಡ್ರೈವರ್‌ಗಳು, ತೋಟದವರು ಬರುತ್ತಾರೆ. ಅವರಿಗೆ ನಡೆಯುವ ದೂರದಲ್ಲಿ ಕೈಗೆಟುಕುವ ಬಾಡಿಗೆ ಮನೆ ಇದೆಯಾ, ಇದ್ದ ವಠಾರಗಳನ್ನು ಎಬ್ಬಿಸಿ ಈ ಯೋಜನೆ ಬಂತಾ? ಒಳಗೆ ಅವರಿಗೆ ಶೌಚಾಲಯ, ಕುಡಿಯುವ ನೀರು, ಊಟ ಮಾಡಲು ಜಾಗ ಪ್ಲಾನಿನಲ್ಲಿ ಗುರುತು ಮಾಡಿದ್ದಾರಾ? ಹಾಗೆಯೇ ಪಕ್ಕದ ಕೆರೆಗೆ ಊರಿನವರು, ಮೀನು ಹಿಡಿಯುವವರು, ದನ ಮೇಯಿಸುವವರು ಹೋಗುವ ದಾರಿ ತೆರೆದಿದೆಯಾ? ‘ಲೇಕ್ ವ್ಯೂ’ ಬರೀ ಬಾಲ್ಕನಿಯವರಿಗೆ ಉಳಿದು, ಕೆರೆಯ ಜೊತೆ ಬದುಕಿದವರಿಗೆ ಗೇಟು ಮುಚ್ಚಿದ್ದರೆ ನಾನು ಆ ಯೋಜನೆಯನ್ನು ಪಾಸು ಮಾಡುವುದಿಲ್ಲ.

ಹಂತ 9: ಸರ್ಟಿಫಿಕೇಟ್ ಓದುವುದು

ಐಜಿಬಿಸಿ, ಗೃಹ, ಲೀಡ್ ಅನ್ನುವ ಹೆಸರು ಕೇಳಿರುತ್ತೀರಿ. ಕಟ್ಟಡಕ್ಕೆ ಅಂಕ ಕೊಟ್ಟು ‘ಗ್ರೀನ್’ ಸರ್ಟಿಫಿಕೇಟ್ ಕೊಡುವ ಇವು ಉಪಯೋಗದ ವ್ಯವಸ್ಥೆಗಳೇ. ಆದರೆ ಮೂರು ವಿಷಯ ಕೇಳಿ. ಇದು ಕಟ್ಟುವ ಮೊದಲು ಡ್ರಾಯಿಂಗ್ ನೋಡಿ ಕೊಟ್ಟ ಪ್ರೀ-ಸರ್ಟಿಫಿಕೇಟಾ, ಕಟ್ಟಿ ಮುಗಿದ ಮೇಲಿನದಾ? ಇಡೀ ಟೌನ್‌ಶಿಪ್ಪಿಗಾ, ಕ್ಲಬ್‌ಹೌಸ್‌ಗೆ ಮಾತ್ರವಾ? ಯಾವ ಯಾವ ವಿಭಾಗದಲ್ಲಿ ಎಷ್ಟೆಷ್ಟು ಅಂಕ? ಒಟ್ಟು ಅಂಕದಲ್ಲಿ ನೀರಿನ ಕೊರತೆಯನ್ನು ಬೇರೆ ಸಣ್ಣಪುಟ್ಟ ಅಂಕಗಳು ಮುಚ್ಚಿಹಾಕಬಹುದು. ಅಂಕಪಟ್ಟಿ ಕೊಡಲು ಹಿಂದೇಟು ಹಾಕಿದರೆ ಅದನ್ನೂ ಬರೆದುಕೊಳ್ಳಿ.

ಹಂತ 10: ನಿಮ್ಮದೇ ತೀರ್ಪು, ಆಮೇಲೆ ಕೆಲಸ

ಎಲ್ಲಕ್ಕೂ ಅಂಕ ಕೊಟ್ಟು ಸರಾಸರಿ ತೆಗೆಯಬೇಡಿ. ಈ ನಾಲ್ಕರಲ್ಲಿ ಒಂದು ಫೇಲ್ ಆದರೂ ಯೋಜನೆಯೇ ಫೇಲ್: ಕಾಲುವೆ ಅಥವಾ ಕೆರೆಯ ಜಾಗದಲ್ಲಿರುವುದು, ಕುಡಿಯುವ ನೀರಿಗೆ ಖಾತ್ರಿಯ ಮೂಲ ಇಲ್ಲದಿರುವುದು, ಉಳಿದ ಕೊಳಚೆಗೆ ದಾರಿ ಇಲ್ಲದಿರುವುದು, ಮಳೆ ನೀರನ್ನು ಕೆಳಗಿನವರ ಮೇಲೆ ಬಿಡುವುದು. ಈ ನಾಲ್ಕೂ ಪಾಸಾದ ಮೇಲೆ ನಡಿಗೆ, ಬಸ್ಸು, ಗಾಳಿ, ಕಸ, ದುಡಿಯುವವರ ವಿಷಯಗಳನ್ನು ತೂಗಿ ನೋಡಿ. ಅಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ಆಮೇಲೆ ಸರಿಮಾಡಿಕೊಳ್ಳಬಹುದು.

ಈಗಾಗಲೇ ವಾಸ ಇರುವವರಾದರೆ ಪ್ರತಿ ತಿಂಗಳು ಮೂರು ಅಂಕಿ ಬರೆದಿಡಿ: ತಲೆಗೆ ಎಷ್ಟು ಲೀಟರ್ ನೀರು, ಎಷ್ಟು ಟ್ಯಾಂಕರ್, ಕಾಮನ್ ಏರಿಯಾಗೆ ಎಷ್ಟು ಯೂನಿಟ್ ಕರೆಂಟು. ಸಂಘದ ನೋಟಿಸ್ ಬೋರ್ಡಿನಲ್ಲಿ ಹಾಕಿ. ಅಂಕಿ ಕಣ್ಣಿಗೆ ಬಿದ್ದರೆ ಸೋರುವ ಫ್ಲಷ್ ರಿಪೇರಿ ಮಾಡಿಸುವವರು ಜಾಸ್ತಿಯಾಗುತ್ತಾರೆ.

ಪಕ್ಕದಲ್ಲಿ ಯೋಜನೆ ಬರುತ್ತಿದೆ ಅನ್ನುವವರು ತಡಮಾಡಬೇಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಮಂಜೂರಾದ ನಕ್ಷೆ, ರಾಜಕಾಲುವೆ ಸರ್ವೆ, ಜಲಮಂಡಳಿಯ ಪತ್ರ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಭೂಬಳಕೆ ಬದಲಾವಣೆಗೆ, ಹೊಸ ಮಹಾ ಯೋಜನೆಗೆ ಸಾರ್ವಜನಿಕರ ಆಕ್ಷೇಪಣೆ ಕೇಳಿ ಪ್ರಕಟಣೆ ಕೊಡುವುದು ಕಡ್ಡಾಯ. ಅದು ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಗಡುವೂ ಚಿಕ್ಕದು. ಸಂಘದಲ್ಲಿ ಒಬ್ಬರಿಗೆ ಅದನ್ನು ನೋಡುವ ಜವಾಬ್ದಾರಿ ಕೊಡಿ. ಆಕ್ಷೇಪಣೆಯಲ್ಲಿ ‘ಪರಿಸರ ಹಾಳಾಗುತ್ತದೆ’ ಅಂತ ಬರೆದರೆ ಫೈಲಿನಲ್ಲಿ ಹೂತುಹೋಗುತ್ತದೆ. ಸರ್ವೆ ನಂಬರ್, ಗ್ರಾಮ ನಕ್ಷೆಯ ಪ್ರತಿ, ನೀವು ಹಾಕಿದ ನೀರಿನ ಲೆಕ್ಕ, ಮಳೆ ದಿನ ತೆಗೆದ ಫೋಟೋ ಲಗತ್ತಿಸಿ. ಅಕ್ಕಪಕ್ಕದ ಹತ್ತಾರು ಮನೆಯವರು ಒಬ್ಬೊಬ್ಬರೂ ಬೇರೆ ಬೇರೆಯಾಗಿ ಕೊಡಲಿ. ಪ್ರತಿ ಅರ್ಜಿಗೂ ಸೀಲು, ತಾರೀಕು ಹಾಕಿಸಿ ಸ್ವೀಕೃತಿ ಪಡೆಯಿರಿ. ಮೇಲ್ಮನವಿಗೆ ಹೋಗಬೇಕಾದ ದಿನ ಬಂದರೆ ಮೊದಲು ಕೇಳುವುದು ಅದನ್ನೇ.